ನೆರಳಲ್ಲಿ ಬೆಳೆದ ಕಪ್ಪು

ಕುರಿಯ ಬೆನ್ನಿನ ಕಪ್ಪು ಬೇರೆ, ಹೊಟ್ಟೆಯ ಕಪ್ಪು ಬೇರೆ. ಇದನ್ನು ಭಾಗಮ್ಮನಿಗೆ ಹೇಳಿಕೊಟ್ಟವಳು ಅವಳ ಅತ್ತೆ. ಮದುವೆಯಾಗಿ ಬಂದ ಮೊದಲ ವರ್ಷ, ಮನೆ ಮುಂದಿನ ಹೊಂಗೆಮರದ ಕೆಳಗೆ, ಎರಡು ಹಿಡಿ ಉಣ್ಣೆಯನ್ನು ಸೊಸೆಯ ಎರಡು ಅಂಗೈಗಳಲ್ಲಿಟ್ಟು, ಯಾವುದು ಕಪ್ಪು ಎಂದು ಕೇಳಿದ್ದಳು. ಎರಡೂ ಕಪ್ಪೇ ಎಂದಿದ್ದಳು ಹದಿನೆಂಟರ ಭಾಗಮ್ಮ. ಅತ್ತೆ ಅವಳ ಮುಂಗೈ ಹಿಡಿದು ಮರದ ನೆರಳಿನಿಂದ ಬಿಸಿಲಿಗೆ ಕರೆದೊಯ್ದಳು. ಅಲ್ಲಿ ಒಂದು ಹಿಡಿ ಕಪ್ಪಾಗಿಯೇ ಉಳಿಯಿತು. ಇನ್ನೊಂದರ ತುದಿಯಲ್ಲಿ ಕೆಂಪು ಎದ್ದಿತು, ಆರಿದ ಒಲೆ ಕೆದಕಿದಾಗ ಕಾಣುವ ಕೆಂಪಿನ ಹಾಗೆ.

"ಬೆನ್ನಿನ ಉಣ್ಣೆ ಬಿಸಿಲು ಕುಡಿದಿರ್ತದೆ. ಹೊಟ್ಟೇದು ನೆರಳಲ್ಲೇ ಬೆಳೆದಿದ್ದು. ಕುರಿ ಎಲ್ಲಿಗೆ ಹೋದ್ರೂ ಅದರ ನೆರಳು ಅದರ ಹೊಟ್ಟೆ ಕೆಳಗೇ ಇರ್ತದೆ ನೋಡು. ಆ ಬಣ್ಣ ಹತ್ತಿರ್ತದೆ," ಎಂದಿದ್ದಳು ಅತ್ತೆ.

ಅದಾಗಿ ನಲವತ್ತೆರಡು ವರ್ಷ. ಅಜ್ಜಂಪುರದಿಂದ ಶಿವನಿ ಊರಿಗೆ ಹೋಗುವ ದಾರಿಯಲ್ಲಿ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ಈಗ ಮಗ್ಗ ಉಳಿದಿರುವುದು ಒಂದೇ ಮನೆಯಲ್ಲಿ. ನೇಯುವವನು ಭಾಗಮ್ಮನ ಗಂಡ ಕರಿಸಿದ್ದಪ್ಪ. ಆದರೆ ಕಂಬಳಿಗೆ ಹೆಸರು ಬಂದದ್ದು ಭಾಗಮ್ಮನಿಂದ. ಕಡೂರು, ತರೀಕೆರೆಯ ಕಡೆಯ ಹಳ್ಳಿಗಳಲ್ಲಿ ಮದುವೆ ನಿಶ್ಚಯವಾದರೆ ಮದುಮಕ್ಕಳು ಕೂರುವ ಗದ್ದಿಗೆಗೆ ಹಾಸುವ ಕಂಬಳಿಗೆ ಜನ ಇಲ್ಲಿಗೆ ಬರುತ್ತಾರೆ. ಗದ್ದಿಗೆ ಕಂಬಳಿಯೆಂದರೆ ಈ ತುದಿಯಿಂದ ಆ ತುದಿಗೆ ಒಂದೇ ಕಪ್ಪಿರಬೇಕು. ಬಣ್ಣ ಅದ್ದಿದ ಎಳೆ ಕೂಡದು, ಬಿಸಿಲು ಕುಡಿದ ಎಳೆಯೂ ಕೂಡದು. ಭಾಗಮ್ಮ ಆಯ್ದು ಕೊಟ್ಟ ಉಣ್ಣೆಯಲ್ಲಿ ತಪ್ಪು ಕಂಡವರಿಲ್ಲ.

ಎರಡು ವರ್ಷದಿಂದ ಅವಳ ಕಣ್ಣಿಗೆ ಕಪ್ಪುಗಳೆಲ್ಲ ಒಂದೇ ಆಗಿದ್ದವು.

ಮೊದಲು ಬದಲಾದದ್ದು ಬಿಸಿಲು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋಗುವಾಗ ಎದುರಿನ ರಸ್ತೆ, ಹುಣಸೆಮರ, ಬರುವವರ ಮುಖ, ಎಲ್ಲದರ ಮೇಲೂ ಯಾರೋ ಹಾಲನ್ನೇ ಚೆಲ್ಲಿದ ಹಾಗೆ ಕಾಣತೊಡಗಿತು. ಜನ ಹತ್ತಿರ ಬರುವವರೆಗೆ ಬರೀ ನೆರಳಾಗಿರುತ್ತಿದ್ದರು. ಮಾತಾಡಿದ ಮೇಲೆ ಅವರಿಗೆ ಹೆಸರು ಬರುತ್ತಿತ್ತು. ಮಧ್ಯಾಹ್ನ ಕುರಿಮಂದೆ ಹೊಲ ದಾಟಿದರೆ ಮೋಡದ ನೆರಳು ಹೋದಂತೆ, ಮೋಡದ ನೆರಳು ಹೋದರೆ ಕುರಿಮಂದೆ ಹೋದಂತೆ. ತರೀಕೆರೆಯ ಆಚೆ ಸುರಿಯುವ ಮಳೆ ಈ ಕಡೆಗೆ ಬರುವಷ್ಟರಲ್ಲಿ ಮೋಡ ಮಾತ್ರ ಉಳಿದಿರುತ್ತದೆ. ಅದು ಹೊಲಗಳಿಗೆ ತನ್ನ ನೆರಳನ್ನಷ್ಟೇ ಕೊಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಎರಡರಲ್ಲಿ ಯಾವುದು ಹೋಯಿತೆಂದು ತಿಳಿಯಲು ಭಾಗಮ್ಮ ಕುರಿಗಳ ಗಂಟೆಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

ನೆರಳಿನಲ್ಲಿ ಮಾತ್ರ ಅವಳಿಗೆ ಸ್ವಲ್ಪ ಹಿತ. ಹೊಂಗೆಯ ಕೆಳಗೆ, ಒಳಮನೆಯಲ್ಲಿ, ಸಂಜೆಯ ಹೊತ್ತಿನಲ್ಲಿ ವಸ್ತುಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತಿದ್ದವು. ಆದರೆ ಉಣ್ಣೆ ಆಯಲು ಬೇಕಾದದ್ದು ಬಿಸಿಲು. ಆ ಬಿಸಿಲೇ ಅವಳಿಗೆ ಕುರುಡು.

ಅವಳು ಯಾರಿಗೂ ಹೇಳಲಿಲ್ಲ. ಪೊರೆ ಬಂದಿರಬೇಕು ಎಂದು ಗೊತ್ತಿತ್ತು, ತೆಗೆಯುತ್ತಾರೆ ಎಂದೂ ಗೊತ್ತಿತ್ತು. ಆದರೆ ಹೇಳಿದ ದಿನವೇ ಯಾರಾದರೂ ಬುಟ್ಟಿಯನ್ನು ಅವಳ ಮುಂದಿನಿಂದ ಎತ್ತಿಕೊಂಡು, ನೀನು ಸುಮ್ಮನೆ ಕೂತ್ಕೋ ಎನ್ನುತ್ತಾರೆ. ಲಕ್ಕವಳ್ಳಿಗೆ ಕೊಟ್ಟ ಮಗಳು ಭುವನಾ ಖಂಡಿತ ಹಾಗೆನ್ನುತ್ತಾಳೆ. ಬುಟ್ಟಿ ಹೋದರೆ ಕೈಯಿಂದ ಮಾಡುವುದೇನು? ಹೀಗೆ ಅವಳು ಹಿಡಿ ಹಿಡಿಯಾಗಿ ಎತ್ತಿ, ಬೆರಳಿನಲ್ಲಿ ಉಜ್ಜಿ, ಒರಟಾದದ್ದನ್ನು ಎಡಕ್ಕೂ ಮೆತ್ತಗಿನದ್ದನ್ನು ಬಲಕ್ಕೂ ಹಾಕುತ್ತ ಬಂದಳು. ಕಂಬಳಿಗಳು ಹೋದವು. ಯಾರೂ ಏನೂ ಅನ್ನಲಿಲ್ಲ. ಕಣ್ಣು ಹೋದರೂ ಬೆರಳು ಕಲಿತುಬಿಟ್ಟಿದೆ ಎಂದು ಅವಳು ನಂಬಿದಳು. ಆ ನಂಬಿಕೆಯಲ್ಲಿ ಒಂದು ಗುಟ್ಟಾದ ಸಂತೋಷವೂ ಇತ್ತು.

ಕರಿಸಿದ್ದಪ್ಪ ಮಾತಿನ ಮನುಷ್ಯನಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿಯ ಸದ್ದೇ ಅವನ ಮಾತು. ಡೇರಿಯಿಂದ ಭಾಗಮ್ಮ ಬರುವಷ್ಟರಲ್ಲಿ ಆ ಸದ್ದು ಶುರುವಾಗಿರುತ್ತಿತ್ತು. ಸಂಜೆ ನಿಂತಾಗ ಮನೆ ಇನ್ನಷ್ಟು ದೊಡ್ಡದಾದಂತೆ ಅವಳಿಗೆ ಅನ್ನಿಸುತ್ತಿತ್ತು.

ಈ ಸಲದ ಕಂಬಳಿ ಅಮೃತಾಪುರದ ದೇವೀರಪ್ಪನ ಮಗಳ ಮದುವೆಗೆ. ಹುಡುಗಿ ದೀಪಶ್ರೀ ತರೀಕೆರೆಯ ಮ್ಯಾಚಿಂಗ್ ಸೆಂಟರ್‌ನಲ್ಲಿ ಕೆಲಸಕ್ಕಿದ್ದಳು, ಸೀರೆಗೆ ಹೊಂದುವ ಬ್ಲೌಸಿನ ಬಟ್ಟೆ ತೆಗೆದುಕೊಡುವ ಕೆಲಸ. ಲಗ್ನಪತ್ರಿಕೆ ಭುವನಾಳ ಫೋನಿಗೆ ಬಂದಿತ್ತು. ಕಂಬಳಿಗೆ ಉಣ್ಣೆ ಆಯ್ದು, ಹಿಂಜಿ, ನೂಲುವುದು ಬಹುಪಾಲು ಮುಗಿದಾಗ ಲಕ್ಕವಳ್ಳಿಯಿಂದ ಸುದ್ದಿ ಬಂತು: ಅಳಿಯ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಕರಿಸಿದ್ದಪ್ಪ ಹೊರಡಬೇಕಾಯಿತು. ಹೊರಡುವಾಗ ಅವನು ಹೊಂಗೆಯ ಕೆಳಗಿನ ಕೊನೆಯ ಬುಟ್ಟಿಯ ಹತ್ತಿರ ಸುಮಾರು ಹೊತ್ತು ನಿಂತಿದ್ದ.

"ಇದು ನಾನು ಬಂದ ಮ್ಯಾಲೆ ನೂತರಾಯ್ತು," ಎಂದ.

"ಮೂರು ದಿನ ಕೈ ಕಟ್ಕಂಡು ಕೂತ್ಕಳ್ಳಲೇನು? ಮದುವೆ ಹತ್ರ ಬಂತು. ಹೋಗಿ ಬನ್ನಿ, ಬಸ್ ಹೋಗ್ತದೆ."

ಅವನು ಚೀಲ ಹೆಗಲಿಗೇರಿಸಿ ಹೋದ. ಆ ಮೂರು ದಿನ ಭಾಗಮ್ಮ ಒಬ್ಬಳೇ ಆಯ್ದಳು, ಒಬ್ಬಳೇ ನೂತಳು. ರಾಟೆಯ ಗುಂಯ್ ಸದ್ದಿನಲ್ಲಿ ಮನೆ ತೇಲಿದಂತಿತ್ತು. ನೂಲನ್ನು ಲಾಳಿಗೆ ಹಾಕುವ ಕಂಡಿಕೆಗಳಿಗೆ ಸುತ್ತಿ ಸಾಲಾಗಿ ಇಟ್ಟಳು. ನಾಲ್ಕನೆಯ ದಿನ ಬಂದ ಕರಿಸಿದ್ದಪ್ಪ ಕೈಕಾಲು ತೊಳೆದು, ಒಂದು ಕಂಡಿಕೆ ಎತ್ತಿಕೊಂಡು ಹೊಸಿಲಿಗೆ ಹೋದ. ಬಾಗಿಲಿನ ಬೆಳಕಿನಲ್ಲಿ ಅವನ ಆಕಾರ ಕಪ್ಪಗೆ ನಿಂತದ್ದು ಭಾಗಮ್ಮನಿಗೆ ಕಂಡಿತು, ಎತ್ತಿದ ಕೈಯೂ ಕಂಡಿತು. ಬಹಳ ಹೊತ್ತು ಹಾಗೇ ನಿಂತಿದ್ದ.

"ಎಳೆ ಹೆಂಗೈತೆ?" ಎಂದಳು.

"ಗಟ್ಟಿ ಐತೆ," ಎಂದ. ಒಳಗೆ ಬಂದು ಕುಣಿಗೆ ಇಳಿದ. ಲಾಳಿಯ ಸದ್ದು ಶುರುವಾಯಿತು.

ಗದ್ದಿಗೆ ಕಂಬಳಿಗೆ ಇವರ ಮನೆತನದಲ್ಲಿ ಒಂದು ಪದ್ಧತಿಯಿದೆ. ಮಗ್ಗದಿಂದ ಇಳಿಸಿದ ಮೇಲೆ ಅದಕ್ಕೆ ಬಿಸಿಲು ತೋರಿಸುವಂತಿಲ್ಲ. ಒಳಮನೆಯಲ್ಲೇ ಮಡಿಚಿ, ಬಟ್ಟೆಯಲ್ಲಿ ಸುತ್ತಿ, ಗಂಡಹೆಂಡಿರು ಇಬ್ಬರೂ ಒಯ್ದು, ಮದುವೆಮನೆಯ ಅಂಗಳದಲ್ಲೇ ಬಿಚ್ಚಬೇಕು. ಅದು ಮೊದಲು ಕಾಣುವ ಬಿಸಿಲು ಆ ಅಂಗಳದ್ದಾಗಿರಬೇಕು.

ಹಾಗೆ ಅವರು ಒಂದು ಬೆಳಿಗ್ಗೆ ಹೊರಟರು. ಅಜ್ಜಂಪುರದಲ್ಲಿ ಬಸ್ಸು ಹತ್ತಿ, ತರೀಕೆರೆಯಲ್ಲಿ ಇಳಿದು, ಅಮೃತಾಪುರದ ಬಸ್ಸು ಹಿಡಿದರು. ಕಿಟಕಿಯ ಬದಿಯಲ್ಲಿ ಕೂತ ಭಾಗಮ್ಮನ ಮಡಿಲಲ್ಲಿ ಕಂಬಳಿಯ ಗಂಟು, ಮಲಗಿದ ಮಗುವಿನಷ್ಟು ಭಾರ. ಹೊರಗೆ ಬಯಲು ಬೆಳ್ಳಗೆ ಹರಿಯುತ್ತಿತ್ತು. ಆಮೇಲೆ ನೀರಿನ ಸೀಮೆ ಬಂದಿರಬೇಕು, ತೋಟಗಳ ನೆರಳು ಅವಳ ಮುಖದ ಮೇಲೆ ಬಿದ್ದು ಎದ್ದು ಬಿದ್ದು ಎದ್ದು ಹೋಗತೊಡಗಿತು. ನೆರಳು ಬಿದ್ದಾಗೊಮ್ಮೆ ಮುಂದಿನ ಸೀಟಿನ ಹೆಂಗಸಿನ ಜಡೆ ಕಾಣುತ್ತಿತ್ತು, ಅದರಲ್ಲಿ ಮುಡಿದ ಕನಕಾಂಬರ ಕಾಣುತ್ತಿತ್ತು. ಬಿಸಿಲು ಬಂದಾಗ ಹೆಂಗಸೇ ಇರುತ್ತಿರಲಿಲ್ಲ. ಈ ಲೋಕವನ್ನು ಯಾರೋ ಅವಳಿಗೆ ತೋರಿಸಿ ಬಚ್ಚಿಟ್ಟು ಆಟವಾಡಿಸುತ್ತಿರುವಂತೆ ಅನ್ನಿಸಿ, ಅವಳು ತನ್ನಷ್ಟಕ್ಕೆ ನಕ್ಕಳು.

"ಯಾಕೆ?" ಎಂದ ಕರಿಸಿದ್ದಪ್ಪ.

"ಏನಿಲ್ಲ."

ದೇವೀರಪ್ಪನ ಅಂಗಳದಲ್ಲಿ ಚಪ್ಪರಕ್ಕೆ ಕಂಬ ನೆಟ್ಟಿದ್ದರು, ಸೋಗೆ ಇನ್ನೂ ಹೊದಿಸಿರಲಿಲ್ಲ. ದೇವೀರಪ್ಪ ನೀರು ಕೊಟ್ಟು, ಬೆಲ್ಲ ಕೊಟ್ಟು ಉಪಚಾರ ಮಾಡಿದ. ಜಗಲಿಯ ಮೇಲೆ ಕೂತಿದ್ದ ಅವನ ತಾಯಿ ಹುಚ್ಚಮ್ಮ, ಎಂಬತ್ತು ದಾಟಿದ ಮುದುಕಿ, ಅಲ್ಲಿಂದಲೇ ಕೂಗಿದಳು: "ಬಂದ್ಯೇನೇ ಭಾಗಿ? ನನ್ನ ಗದ್ದಿಗೆ ಕಂಬಳಿ ನಿಮ್ಮತ್ತೆ ಆಯ್ದಿದ್ದ ಉಣ್ಣೇದು ಕಣೇ. ಇವತ್ತಿಗೂ ಹಂಗೇ ಐತೆ. ನಾನೇ ಹಿಂಗಾಗಿರಾದು."

ಅಂಗಳದ ನಡುವೆ ಗಂಟು ಬಿಚ್ಚಿದರು. ಕರಿಸಿದ್ದಪ್ಪ ಒಂದು ತುದಿ, ದೇವೀರಪ್ಪ ಇನ್ನೊಂದು ತುದಿ ಹಿಡಿದು ಹರಡಿದರು. ಭಾಗಮ್ಮನಿಗೆ ಕಂಡದ್ದು ಬೆಳಕಿನ ಕೊಳದ ನಡುವೆ ಒಂದು ಕಪ್ಪು ಬಾವಿ. ಎಲ್ಲರೂ ಸುಮ್ಮನಿದ್ದರು. ಹೊಸ ಕಂಬಳಿ ಹರಡಿದಾಗ ಜನ ಸುಮ್ಮನಿರುವುದಿಲ್ಲ, ಬಂದು ಮುಟ್ಟುತ್ತಾರೆ, ಹುಣಸೆಬೀಜದ ಗಂಜಿಯ ವಾಸನೆ ನೋಡುತ್ತಾರೆ, ಎಷ್ಟು ಮೊಳ ಎಂದು ಕೇಳುತ್ತಾರೆ. ಈ ಮೌನ ಯಾವುದು ಎಂದು ಅವಳಿಗೆ ತಿಳಿಯಲಿಲ್ಲ.

ಹುಡುಗಿಯ ದನಿ ಬಂತು. ದೀಪಶ್ರೀಯೇ ಇರಬೇಕು. "ಭಾಗತ್ತೆ, ಇಲ್ಲೊಂದು ಪಟ್ಟಿ ಬೇರೆ ಶೇಡ್ ಬಂದೈತಲ್ಲ. ಕಾಫಿಪುಡಿ ಕಲರ್ ಥರ."

"ಲೇ, ಸುಮ್ನಿರು," ಎಂದ ದೇವೀರಪ್ಪ.

"ಇರೋದು ಹೇಳಿದೆ ಕಣಪ್ಪ. ದಿನಾ ಅದೇ ಕೆಲ್ಸ ಮಾಡ್ತೀನಲ್ಲ, ಕಣ್ಣಿಗೆ ಬೀಳ್ತದೆ."

ಭಾಗಮ್ಮ ಬಗ್ಗಿ ನೋಡಿದಳು. ಕಪ್ಪು ಬಾವಿಯಲ್ಲಿ ಅವಳಿಗೆ ಯಾವ ಪಟ್ಟಿಯೂ ಕಾಣಲಿಲ್ಲ. ಬಗ್ಗಿದ ಅವಳ ನೆರಳು ಮಾತ್ರ ಅದರಲ್ಲಿ ಬಿದ್ದು ಕರಗಿತು.

ಆಗ ಕರಿಸಿದ್ದಪ್ಪ ಮಾತಾಡಿದ. ಅಷ್ಟು ಉದ್ದದ ಮಾತನ್ನು ಅವನು ಹೊರಗಿನವರೆದುರು ಆಡಿದ್ದನ್ನು ಅವಳು ಕೇಳಿರಲಿಲ್ಲ. "ತಪ್ಪು ನಂದು ದೇವೀರಪ್ಪ. ನಾನು ಲಕ್ಕವಳ್ಳಿಗೆ ಹೋಗಿ ಬಂದ ದಿನ ತಲೆ ಸರಿಯಿರ್ಲಿಲ್ಲ. ಬೇರೆ ಕಂಬಳಿಗೆ ಇಟ್ಟಿದ್ದ ಕಂಡಿಕೆ ಕೈಗೆ ಸಿಕ್ತು, ಲಾಳಿಗೆ ಹಾಕ್ಬಿಟ್ಟೆ. ಇವಳು ಆಯ್ದಿದ್ದು ಸರಿಯಾಗೇ ಇತ್ತು."

ಬೇರೆ ಕಂಬಳಿಗೆಂದು ಮನೆಯಲ್ಲಿ ಒಂದು ಕಂಡಿಕೆಯೂ ಇರಲಿಲ್ಲ. ಅದನ್ನು ಬಲ್ಲವರು ಆ ಅಂಗಳದಲ್ಲಿ ಇಬ್ಬರೇ.

ಭಾಗಮ್ಮನಿಗೆ ಹೊಸಿಲಿನಲ್ಲಿ ಕೈಯೆತ್ತಿ ನಿಂತ ಆಕಾರ ನೆನಪಾಯಿತು. ಪಟ್ಟಿ ಇರುವುದು ಅವನು ಲಕ್ಕವಳ್ಳಿಯಲ್ಲಿದ್ದ ಮೂರು ದಿನದ ನೂಲಿನಲ್ಲಿ. ಹಾಗಾದರೆ ಉಳಿದದ್ದೆಲ್ಲ ಒಂದೇ ಕಪ್ಪು ಹೇಗಾಯಿತು? ಆಯ್ದವಳು ಅವಳೇ, ಅದೇ ಕಣ್ಣು, ಅದೇ ಬೆರಳು. ಬೆರಳು ಏನನ್ನೂ ಕಲಿತಿರಲಿಲ್ಲ. ಡೇರಿಗೆ ಹೋಗಿ ಬರಲು ಒಂದು ಗಂಟೆ ಬೇಕು. ಎರಡು ವರ್ಷ, ದಿನವೂ ಒಂದು ಗಂಟೆ. ಆ ಹೊತ್ತಿನಲ್ಲಿ ಹೊಂಗೆಯ ಕೆಳಗಿನ ಬುಟ್ಟಿ ಅವನ ಕೈಯಲ್ಲಿ ಬಿಸಿಲಿಗೆ ಹೋಗಿ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ ಆಗಿ, ಅವಳು ಬರುವಷ್ಟರಲ್ಲಿ ತನ್ನ ಜಾಗಕ್ಕೆ ಮರಳಿ ನೆರಳಿನಲ್ಲಿ ಕೂತಿರುತ್ತಿತ್ತು.

ಸುಮ್ಮನಿದ್ದರೆ ಮುಗಿಯಿತು. ಅವನು ನೆರಳು ಹಿಡಿದಿದ್ದಾನೆ, ಅದರ ಕೆಳಗೆ ನಿಂತರಾಯಿತು. ಹೆಸರು ಉಳಿಯುತ್ತದೆ, ನಾಳೆಯೂ ಬುಟ್ಟಿ ಅವಳ ಮುಂದಿರುತ್ತದೆ. ಆ ಬುಟ್ಟಿಯಲ್ಲಿ ತನ್ನದೆಂಬುದು ಏನೂ ಇರುವುದಿಲ್ಲ, ಅಷ್ಟೇ. ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು.

"ಅವರದ್ದಲ್ಲ ತಪ್ಪು," ಎಂದಳು. "ಉಣ್ಣೆ ಆಯ್ದೋಳು ನಾನು. ನಂಗೆ ಕಣ್ಣು ಕಾಣ್ಸಲ್ಲ. ಎರಡು ವರ್ಷ ಆಯ್ತು. ಕಪ್ಪು ಯಾವುದು ಕೆಂಪು ಯಾವುದು ಗೊತ್ತಾಗಲ್ಲ. ಯಾರಿಗೂ ಹೇಳಿರ್ಲಿಲ್ಲ."

ಹೇಳಿ ಮುಗಿಯಿತು. ಇಷ್ಟು ಸಣ್ಣ ಮಾತನ್ನು ಎರಡು ವರ್ಷ ಹೊತ್ತಿದ್ದಳೇ ಎಂದು ಅವಳಿಗೇ ಸೋಜಿಗವಾಯಿತು. ಕರಿಸಿದ್ದಪ್ಪ ಕಂಬಳಿಯ ತುದಿಯನ್ನು ಕೈಬಿಟ್ಟ ಸದ್ದು ಕೇಳಿಸಿತು.

ಜಗಲಿಯಿಂದ ಹುಚ್ಚಮ್ಮ ಅಂದಳು: "ಅಯ್ಯೋ ಪೊರೆಯೇನೇ? ಅದಕ್ಕೆ ಯಾಕೆ ಮುಖ ಸಣ್ಣ ಮಾಡ್ಕಂಡಿದ್ದೀಯ. ನಂದು ಹೋದ ವರ್ಷ ಶಿವಮೊಗ್ಗದಾಗೆ ತೆಗೆಸಿದ್ರು. ಬಂದು ನೋಡ್ತೀನಿ, ನಮ್ಮನೆ ಗೋಡೆ ಇಷ್ಟು ಕೊಳಕಾಗಿತ್ತಾ ಅನ್ನಿಸ್ತು. ಅಲ್ಲೀತಂಕ ನಮ್ಮ ಸೊಸೇನ ಎಷ್ಟು ಹೊಗಳ್ತಿದ್ದೆ ಗೊತ್ತಾ."

ದೀಪಶ್ರೀ ಕಿಸಕ್ಕನೆ ನಕ್ಕಳು. ಒಳಗಿನಿಂದ ಸೊಸೆ ಏನೋ ಗೊಣಗಿದ್ದು ಕೇಳಿ ದೇವೀರಪ್ಪನೂ ನಕ್ಕ. ನಕ್ಕವನು ಆಮೇಲೆ ಮೆಲ್ಲಗೆ, "ಆದ್ರೆ ಭಾಗಕ್ಕ, ಗದ್ದಿಗೆಗೆ ಇದು ಆಗಲ್ಲ," ಎಂದ.

"ಆಗಲ್ಲ. ನಾನೂ ಕೊಡಲ್ಲ," ಎಂದಳು ಭಾಗಮ್ಮ.

"ನಂದೇ ಹಾಸ್ರಪ್ಪ," ಎಂದಳು ಹುಚ್ಚಮ್ಮ. "ಪೆಟ್ಟಿಗೇಲಿ ಮಲಗಿ ಮಲಗಿ ಅದಕ್ಕೂ ಬೇಜಾರಾಗಿರ್ತದೆ."

ಊಟ ಮಾಡದೆ ಬಿಡಲಿಲ್ಲ. ಅವರು ಹೊರಟು ರಸ್ತೆಗೆ ಬಂದಾಗ ಹೊತ್ತು ನೆತ್ತಿಯಿಂದ ಸ್ವಲ್ಪ ಜಾರಿತ್ತು. ಬಸ್ಸು ನಿಲ್ಲುವ ಕಡೆ ಒಂದು ಕಲ್ಲಿತ್ತು, ಮರವಿರಲಿಲ್ಲ. ಇಬ್ಬರೂ ಕಲ್ಲಿನ ಮೇಲೆ ಕೂತರು. ಭಾಗಮ್ಮ ಕಣ್ಣು ಮುಚ್ಚಿದಳು. ಮುಚ್ಚಿದರೂ ಬಿಳುಪೇ. ಆ ಬಿಳುಪಿನಲ್ಲಿ ಅವಳು ಎಲ್ಲೂ ಇಲ್ಲದವಳಂತೆ ತೇಲಿದಳು. ಕಡೂರಿನ ಕಡೆಯ ತವರುಮನೆ, ಅತ್ತೆಯ ಮುಂಗೈ, ಮೂರು ದಿನದ ರಾಟೆಯ ಸದ್ದು ಒಂದರೊಳಗೊಂದು ಬೆರೆತು ಹೋಗುತ್ತಿದ್ದವು.

ಸರಸರ ಸದ್ದಾಯಿತು. ಕರಿಸಿದ್ದಪ್ಪ ಕಂಬಳಿ ಬಿಚ್ಚಿ ಇಬ್ಬರ ತಲೆಯ ಮೇಲೂ ಹೊದಿಸಿದ್ದ. ಒಮ್ಮೆಲೆ ಕತ್ತಲೂ ಅಲ್ಲದ ಬೆಳಕೂ ಅಲ್ಲದ ಒಂದು ಕೋಣೆಯಾಯಿತು. ಗಂಜಿಯ, ಕುರಿಯ, ಹೊಸ ಉಣ್ಣೆಯ ವಾಸನೆ ತುಂಬಿತು.

ಅವಳು ಕಣ್ಣು ಬಿಟ್ಟಳು. ಒಂದು ಗೇಣು ದೂರದಲ್ಲಿ ಅವನ ಮುಖವಿತ್ತು. ಮಬ್ಬಾಗಿಯೇ, ಆದರೆ ಇತ್ತು. ಗಲ್ಲದ ಕುರುಚಲು ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಇದು ಯಾವಾಗ ಬೆಳ್ಳಗಾಯ್ತು?" ಎಂದಳು.

"ಯಾವುದು?"

"ಗಡ್ಡ."

ಅವನು ಗಲ್ಲ ಸವರಿಕೊಂಡ. "ಆಗಿ ಸುಮಾರು ದಿನ ಆಯ್ತು."

ಅವಳು ಕೇಳಿದಳು, "ನಿಮಗೆ ಹೆಂಗೆ ಗೊತ್ತಾಗಿದ್ದು?"

"ಹೋದ ವರ್ಷದ ಹಿಂದಿನ ಚಳಿಗಾಲ. ನನ್ನ ಮಂಕಿ ಟೋಪಿ ಒಲೆ ಹತ್ರ ಬಿದ್ದಿತ್ತು. ಬೆಕ್ಕು ಅನ್ಕಂಡು ಅದರ ಮುಂದೆ ಹಾಲು ಇಟ್ಟು, ಕುಡಿಯೇ ಮೂದೇವಿ ಅಂದೆ ನೀನು."

ಭಾಗಮ್ಮನಿಗೆ ನಗು ಬಂತು. "ಕಂಡಿಕೆ ಹಿಡಿದು ಬಾಗ್ಲಲ್ಲಿ ನಿಂತಿದ್ರಲ್ಲ. ಆವಾಗಲೇ ಕಂಡಿತ್ತಾ?"

"ಕಂಡಿತ್ತು."

"ಮತ್ಯಾಕೆ ನೇಯ್ದ್ರಿ?"

ಕಂಬಳಿಯ ಹೊರಗೆ ಯಾವುದೋ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು. "ಬ್ಯಾಡ ಅಂದಿದ್ರೆ, ಯಾಕೆ ಅಂತ ಕೇಳ್ತಿದ್ದೆ ನೀನು," ಎಂದ ಕೊನೆಗೆ.

ಅವಳ ಕೈ ಕಂಬಳಿಯ ಒಳಮೈಯನ್ನು ತಡವುತ್ತಿತ್ತು. ಒಂದೇ ಒರಟು, ಎಲ್ಲ ಕಡೆಯೂ. "ಎಲ್ಲೈತೆ ಅದು? ನನ್ನ ಬೆರಳು ಹಿಡಿದು ತೋರ್ಸಿ."

ಅವನು ಅವಳ ತೋರುಬೆರಳನ್ನು ಹಿಡಿದು ಪಟ್ಟಿ ಶುರುವಾಗುವಲ್ಲಿ ಇಟ್ಟ. ಅವಳು ಅಲ್ಲಿಂದ ಗೇಣು ಚಾಚಿದಳು. "ಇನ್ನೂ ಐತೆ," ಎಂದ. ಅವಳು ಇನ್ನೊಂದು ಬೆರಳು ಸೇರಿಸಿದಳು, ಮತ್ತೊಂದು, ಮತ್ತೊಂದು. "ಹಾಂ, ಅಲ್ಲಿಗೆ."

"ಒಂದು ಗೇಣು, ನಾಲ್ಕು ಬೆರಳು," ಎಂದಳು ಭಾಗಮ್ಮ. "ಎರಡು ವರ್ಷದಾಗೆ ನಾನು ಮಾಡಿದ್ದು ಇಷ್ಟು."

ಅವಳು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.

"ಇದನ್ನ ಯಾರಿಗೂ ಕೊಡೋದು ಬ್ಯಾಡ. ಮನೇಲಿರ್ಲಿ," ಎಂದಳು. "ಸೋಮವಾರ ಶಿವಮೊಗ್ಗಕ್ಕೆ ಹೋಗಣ. ಪೊರೆ ತೆಗೆಸ್ಕಂಡು ಬಂದು ಮೊದಲು ಇದನ್ನ ಬಿಸಿಲಿಗೆ ಹಾಕಿ ನೋಡ್ತೀನಿ. ಕಾಫಿಪುಡಿ ಕಲರ್ ಅಂದ್ಲಲ್ಲ ಆ ಹುಡುಗಿ."

"ಹಂಗೇನೂ ಇಲ್ಲ. ಕರಿ ಎಳ್ಳಿನ ಕಲರ್."

"ಸುಳ್ಳು ಹೇಳ್ಬ್ಯಾಡಿ ಇನ್ನ."

"ಆಯ್ತು. ಕಾಫಿಪುಡೀನೇ."

ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಕಂಬಳಿ ತೆಗೆದರೆ ಅವನ ಮುಖ ಮತ್ತೆ ಬಿಳುಪಿಗೆ ಹೋಗಿಬಿಡುತ್ತದೆಂದು ಭಾಗಮ್ಮನಿಗೆ ಗೊತ್ತಿತ್ತು. ಬಸ್ಸು ತೀರಾ ಹತ್ತಿರ ಬಂದು ಹಾರನ್ ಮಾಡುವವರೆಗೂ ಅವಳು ಅದರ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದಳು.